ಕಪ್ಪಿನ ಸಿಹಿ, ಒಡೆಯರ ಕಹಿ

2021ರ ಅಕ್ಟೋಬರ್ 7ರ ಸಂಜೆ ಇಂಗ್ಲೆಂಡಿನ ನ್ಯೂಕ್ಯಾಸಲ್ ಫುಟ್‌ಬಾಲ್ ಕ್ರೀಡಾಂಗಣದ ಮುಂದೆ ಜನಜಾತ್ರೆ. ಕ್ಲಬ್‌ನ ಮಾಲೀಕ ಮೈಕ್ ಆ್ಯಶ್ಲಿಯ 14 ವರ್ಷಗಳ ಯಜಮಾನಿಕೆ ಮುಗಿದಿತ್ತು. ಸೌದಿ ಅರೇಬಿಯಾದ ಸರ್ಕಾರಿ ಹೂಡಿಕೆ ನಿಧಿ ಶೇ 80ರಷ್ಟು ಪಾಲು ಕೊಂಡಿತ್ತು. ಕೆಲವರು ಪಾತ್ರೆ ಒರೆಸುವ ಬಟ್ಟೆಯನ್ನೇ ಅರಬ್ಬರಂತೆ ತಲೆಗೆ ಹೊದ್ದು ಕುಣಿದರು.

ಆ ನಿಧಿಯ ಅಧ್ಯಕ್ಷ ಯುವರಾಜ ಮೊಹಮ್ಮದ್ ಬಿನ್ ಸಲ್ಮಾನ್. ಪತ್ರಕರ್ತ ಜಮಾಲ್ ಖಶೋಗ್ಗಿ ಇಸ್ತಾಂಬುಲ್‌ನ ಸೌದಿ ಕಾನ್ಸುಲೇಟಿನಲ್ಲಿ ಕೊಲೆಯಾಗಿ ಆಗಷ್ಟೇ ಮೂರು ವರ್ಷವಾಗಿತ್ತು. 2022ರ ಮಾರ್ಚ್ 12ರಂದು ಸೌದಿ ಒಂದೇ ದಿನ 81 ಮಂದಿಗೆ ಮರಣದಂಡನೆ ಜಾರಿ ಮಾಡಿತು. ಮರುದಿನ ನ್ಯೂಕ್ಯಾಸಲ್ ಚೆಲ್ಸಿ ವಿರುದ್ಧ ಆಡಿತು.

ಹಾಗೆಂದು ಅಭಿಮಾನಿಯನ್ನು ಕಟಕಟೆಗೆ ಎಳೆಯುವುದು ಸುಲಭ, ನ್ಯಾಯವಲ್ಲ. ಮಾರಾಟಕ್ಕೆ ಒಪ್ಪಿಗೆಯ ಮುದ್ರೆ ಒತ್ತಿದ್ದು ಪ್ರೀಮಿಯರ್ ಲೀಗ್. ಅಜ್ಜ, ಅಪ್ಪನಿಂದ ಬಂದ ತಂಡವನ್ನು ಕಿರಾಣಿ ಅಂಗಡಿ ಬದಲಿಸಿದಂತೆ ಬದಲಿಸಲಾಗದು. 2025ರ ಮಾರ್ಚ್‌ನಲ್ಲಿ ಲಿವರ್‌ಪೂಲನ್ನು 2–1ರಿಂದ ಮಣಿಸಿ ಲೀಗ್ ಕಪ್ ಗೆದ್ದಾಗ ಹರಿದ ಕಣ್ಣೀರು ಸುಳ್ಳಲ್ಲ. 1955ರ ನಂತರ ಕ್ಲಬ್‌ಗೆ ದಕ್ಕಿದ ಮೊದಲ ಪ್ರಮುಖ ದೇಶೀಯ ಟ್ರೋಫಿ ಅದು.

ಆದರೆ ಸೌದಿ ಕೈದಿಗಳ ಪರ ದನಿಯೆತ್ತುವ ಬೆರಳೆಣಿಕೆಯ ಮಂದಿಯೂ ಅದೇ ತಂಡದ ಅಭಿಮಾನಿಗಳೇ. ಅವರನ್ನು ದ್ರೋಹಿಗಳೆಂದು ಮೂದಲಿಸುವ ಬದಲು ಪ್ರಶ್ನೆಯನ್ನು ಮೇಲಿನವರತ್ತ ತಿರುಗಿಸಬೇಕು. ಮಾಲೀಕರ ಯೋಗ್ಯತೆ ತೂಗುವ ಅಧಿಕಾರವನ್ನು ಬ್ರಿಟನ್‌ನ 2025ರ ಕಾಯ್ದೆ ಸ್ವತಂತ್ರ ನಿಯಂತ್ರಕರಿಗೆ ಕೊಟ್ಟಿದೆ.