ಗಾಯಕಿಯ ಚರಿತ್ರೆಯಲ್ಲಿ ಗಾಯನದ ಪಾಲು

ಫ್ರಾನ್ಸಿನ ಗಾಯಕಿ ಎಡಿತ್ ಪಿಯಾಫಳ ಬಾಳನ್ನು ಕುರಿತು ಒಲಿವಿಯೆ ದಾಹಾನ್ 2007ರಲ್ಲಿ ನಿರ್ದೇಶಿಸಿದ ಚಿತ್ರವನ್ನು ನೋಡಿದವರು, ಬೀದಿಯಲ್ಲಿ ಹಾಡಿ ಹೊಟ್ಟೆ ಹೊರೆದ ಬಾಲ್ಯವನ್ನೂ, ವಿಮಾನಾಪಘಾತದಲ್ಲಿ ಮಡಿದ ಪ್ರಿಯಕರನನ್ನೂ, ಐವತ್ತು ತುಂಬುವ ಮುನ್ನವೇ ಮುದುಕಿಯಂತೆ ಬಾಗಿಹೋದ ಆ ಪುಟ್ಟ ಶರೀರವನ್ನೂ ನೆನೆದು ಕಣ್ಣೊರಸಿಕೊಳ್ಳುವುದು ಸಹಜ. ಆ ಪಾತ್ರಕ್ಕಾಗಿ ಮರಿಯೋನ್ ಕೊಟಿಯಾರ್ ಆಸ್ಕರ್ ಪಡೆದುದೂ ಯೋಗ್ಯವೇ. ಆದರೆ ಅಲ್ಲಿ ಕೇಳಿಬರುವ ಕಂಠ ಬಹುಮಟ್ಟಿಗೆ ಪಿಯಾಫಳದೇ. ದುಃಖಕ್ಕೆ ನಟಿ ದೊರೆತಳು, ಹಾಡಿಗೆ ಹಳೆಯ ಧ್ವನಿಮುದ್ರಿಕೆಗೇ ಮೊರೆಹೋಗಬೇಕಾಯಿತು.

ಈ ಬಗೆಯ ಕಥನಕ್ರಮಕ್ಕೆ ಮುದಗಲ್ಲಿನವರಾದ ನಾವು ಹೊಸಬರಲ್ಲ. ಬಿಜಾಪುರದ ಆಸ್ಥಾನದಲ್ಲಿದ್ದ ಫೆರಿಸ್ತಾ ತನಗಿಂತ ಎರಡು ಶತಮಾನ ಹಿಂದಿನ ಸಂಗತಿಯೆಂದು ಬರೆದಿಟ್ಟಿರುವಂತೆ, ಇದೇ ಊರಿನ ಅಕ್ಕಸಾಲಿಗನೊಬ್ಬನ ಮಗಳು ಪರ್ತಾಲ್. ಕಾಶಿಯಿಂದ ಮರಳಿದ ವಿಪ್ರನೊಬ್ಬ ಅವಳಿಗೆ ಸಂಗೀತ ಕಲಿಸಿ, ವಿಜಯನಗರಕ್ಕೆ ಹೋಗಿ ದೇವರಾಯನ ಮುಂದೆ ಅವಳನ್ನು ಬಣ್ಣಿಸಿದನಂತೆ. ಅರಸನ ಕಾಣಿಕೆಗಳನ್ನು ಅವಳು ಒಲ್ಲೆನೆಂದಳಂತೆ. 1406ರಲ್ಲಿ ಆತನ ದಂಡು ತುಂಗಭದ್ರೆಯನ್ನು ದಾಟಿ ಬರುವಷ್ಟರಲ್ಲಿ ಮನೆಯವರೊಡನೆ ಊರು ಬಿಟ್ಟಿದ್ದಳಂತೆ. ಕದನವೆಲ್ಲ ಮುಗಿದ ಮೇಲೆ ಬಹಮನಿ ಸುಲ್ತಾನ ಫಿರೋಜ್ ಷಹನ ಮಗ ಹಸನ್‌ಖಾನನ ಕೈಹಿಡಿದಳಂತೆ. ಕಥೆಯ ಸತ್ಯಾಸತ್ಯ ವಿವೇಚನೆ ಇತಿಹಾಸಜ್ಞರಿಗೆ ಸೇರಿದ್ದು. ನನ್ನನ್ನು ಕಾಡುವುದು ಬೇರೆ: ದಂಡಿನ ವಿಚಾರವುಂಟು, ಸಂಧಿಯ ಕರಾರುಂಟು, ರೂಪದ ವರ್ಣನೆಯಂತೂ ಯಥೇಚ್ಛವಾಗಿಯೇ ಉಂಟು, ಆ ಹುಡುಗಿ ಏನನ್ನು ಹಾಡುತ್ತಿದ್ದಳೆಂಬುದು ಮಾತ್ರ ಇಲ್ಲ.

ನಮಗೆ ಬಹುದೂರವಲ್ಲದ ಬೀಳಗಿಯ ಗಾಯಕಿ ಅಮೀರ್‌ಬಾಯಿ ಕರ್ನಾಟಕಿಯವರದು ಇನ್ನೂ ಸಮೀಪದ ನಿದರ್ಶನ. ಪಿಯಾಫ್ ಗತಿಸಿದ ಎರಡು ವರ್ಷಕ್ಕೆ, 1965ರಲ್ಲಿ, ತೀರಿಕೊಂಡ ಈಕೆ ನಾಟಕದವರ ಮನೆಯಲ್ಲಿ ಹುಟ್ಟಿದವರು. ಅಕ್ಕ ಗೋಹರ್‌ಬಾಯಿ ಬಾಲಗಂಧರ್ವರೊಡನೆ ರಂಗವೇರಿದ ಕಲಾವಿದೆ. ಕಂಪನಿ ನಾಟಕಗಳಲ್ಲಿ, ಕಡೆಯ ಸಾಲಿನವನಿಗೂ ಅಕ್ಷರಕ್ಷರ ಕೇಳುವಂತೆ ಪದ ಹೇಳಬೇಕಾಗಿದ್ದ ಆ ಕಠಿನ ಶಾಲೆಯಲ್ಲಿ ಪಳಗಿದ ಕಂಠವೇ ಮುಂಬಯಿಗೆ ಹೋಗಿ, 1943ರ ‘ಕಿಸ್ಮತ್’ ಚಿತ್ರದಲ್ಲಿ ಅನಿಲ್ ಬಿಸ್ವಾಸರಿಗೂ ಮರುವರ್ಷದ ‘ರತನ್’ದಲ್ಲಿ ನೌಷಾದರಿಗೂ ಒದಗಿ ಬಂದು, ಕನ್ನಡ ನಾಡಿನ ಹೆಸರನ್ನು ಹಿಂದೂಸ್ತಾನದ ಉದ್ದಗಲಕ್ಕೆ ಒಯ್ದಿತು. ಇಷ್ಟನ್ನೆಲ್ಲ ಬಿಟ್ಟು ಜನ ಹೇಳುವುದೇನು? ನಟ ಹಿಮಾಲಯವಾಲಾನೊಡನೆ ನಡೆದ ಮೊದಲ ದಾಂಪತ್ಯದ ಕ್ಲೇಶವನ್ನು. ಆ ನೋವು ಸುಳ್ಳಲ್ಲ. ರಹಮತ್ ತರೀಕೆರೆಯವರು ಕನ್ನಡದಲ್ಲಿ ಅವರ ಜೀವನಚರಿತ್ರೆಯನ್ನು ಬರೆದ ಮೇಲೆ ಅದನ್ನು ಅರಿಯದಿರುವುದಕ್ಕೆ ನೆವವೂ ಇಲ್ಲ. ಆದರೆ ಪೆಟ್ಟು ತಿಂದುದರಿಂದಲೇ ಹಾಡು ಹುಟ್ಟಿತೆಂಬ ಧ್ವನಿ ಅಂತಹ ಮಾತುಗಳಲ್ಲಿ ಇಣುಕಿದಾಗ, ಹೊಡೆದವನಿಗೂ ಕಲೆಯಲ್ಲೊಂದು ಪಾಲು ಕೊಟ್ಟಂತಾಗುವುದಲ್ಲವೆ?

ನೋವಿಗಿಂತ ಮೊದಲು ಹಾಡನ್ನು ಕೇಳಿಸುವ ವಿವೇಕ ಕನ್ನಡ ಚಿತ್ರರಂಗಕ್ಕೆ ಇರಲೇ ಇಲ್ಲವೆನ್ನಲಾಗದು. ತ.ರಾ.ಸು. ಅವರ ಕಾದಂಬರಿಯನ್ನಾಧರಿಸಿ ಜಿ.ವಿ. ಅಯ್ಯರ್ 1975ರಲ್ಲಿ ತೆರೆಗೆ ತಂದ ‘ಹಂಸಗೀತೆ’ಯಲ್ಲಿ, ಚಿತ್ರದುರ್ಗದ ಭೈರವಿ ವೆಂಕಟಸುಬ್ಬಯ್ಯನ ಅಹಂಕಾರವನ್ನೂ ಪತನವನ್ನೂ ನಾವು ನಂಬುವುದು ಬಾಲಮುರಳೀಕೃಷ್ಣರ ಗಾಯನ ಆತನ ಹಿರಿಮೆಯನ್ನು ಮೊದಲೇ ಕಿವಿಗೆ ಮನದಟ್ಟು ಮಾಡಿರುವುದರಿಂದ. ಅಮೀರ್‌ಬಾಯಿಯವರ ಬಾಳನ್ನು ಚಿತ್ರಿಸಹೊರಡುವ ನಿರ್ದೇಶಕರೂ ಮೊದಲು ಒಂದು ಗ್ರಾಮಫೋನ್ ಪ್ಲೇಟನ್ನು, ಮೂರು ನಿಮಿಷದ ಅಷ್ಟನ್ನೂ, ನಡುವೆ ಯಾವ ಕಣ್ಣೀರನ್ನೂ ತೂರಿಸದೆ ಪೂರ್ತಿ ಕೇಳಿಸಲಿ. ಹಿಮಾಲಯವಾಲಾನ ಪ್ರವೇಶ ಆಮೇಲೆ ಆಗಲಿ, ಅವನಿಗೇನು ಅವಸರ!