ಹಬ್ಬದ ಬಟ್ಟಲು

ಒಂದೊಂದು ಹಬ್ಬಕ್ಕೆ ಒಂದೊಂದು ರುಚಿಯನ್ನು ಗಂಟುಹಾಕಿಟ್ಟವರು ನಮ್ಮ ಹಿರಿಯರು. ಯುಗಾದಿಗೆ ಬೇವುಬೆಲ್ಲ, ಸಂಕ್ರಾಂತಿಗೆ ಎಳ್ಳುಬೆಲ್ಲ, ಶ್ರೀರಾಮನವಮಿಗೆ ಪಾನಕ ಕೋಸಂಬರಿ. ಬೆಲ್ಲ, ನಿಂಬೆಹಣ್ಣು, ಏಲಕ್ಕಿಗಳು ವರ್ಷದ ಎಲ್ಲ ದಿನವೂ ಸಿಕ್ಕುವ ಪದಾರ್ಥಗಳೇ. ಆದರೂ ಚೈತ್ರದ ಬಿಸಿಲಿನಲ್ಲಿ ಗುಡಿಯ ಮುಂದೆ ನಿಂತು ಕುಡಿದ ಪಾನಕದ ಸವಿ ಆಷಾಢದ ಮಳೆಯಲ್ಲಿ ಬಾರದು. ಆ ಸವಿಯಲ್ಲಿ ಋತುವಿನ ಪಾಲೊಂದು, ಕೊಟ್ಟ ಕೈಯ ಪಾಲೊಂದು ಇರುತ್ತದೆ. ಈ ಸಂಬಂಧ ನಮ್ಮ ನಾಡಿಗೆ ಮಾತ್ರ ಮೀಸಲಾದುದಲ್ಲ. ಅಮೆರಿಕದಲ್ಲಿ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದಿಂದ ಮೊದಲುಗೊಂಡು ಕ್ರಿಸ್‌ಮಸ್ ಕಳೆದು ಹೊಸ ವರ್ಷ ಹುಟ್ಟುವವರೆಗೆ ಮನೆಮನೆಗಳಲ್ಲಿ ಬಂದವರ ಕೈಗೆ ಕೊಡುವ ಪಾನೀಯವೊಂದುಂಟು. ಅದರ ಹೆಸರು ಎಗ್‌ನಾಗ್.

ಹಾಲು, ಕೆನೆ, ಸಕ್ಕರೆ, ಚೆನ್ನಾಗಿ ಕಡೆದ ಮೊಟ್ಟೆ, ಮೇಲೆ ತುರಿದು ಉದುರಿಸಿದ ಜಾಯಿಕಾಯಿ: ಇಷ್ಟು ಅದರ ಸಾಮಗ್ರಿ. ಕುಡಿಯುವವರು ಇದಕ್ಕೆ ರಮ್ಮನ್ನೋ ಬ್ರಾಂದಿಯನ್ನೋ ವಿಸ್ಕಿಯನ್ನೋ ಬೆರೆಸುವರು, ಕುಡಿಯದವರು ಬೆರೆಸರು. ನಮ್ಮ ಪಂಡಿತರು ಇದನ್ನು ‘ಅಂಡಪಾನಕ’ವೆಂದು ಕರೆದಾರು. ಆದರೆ ಆ ಹೆಸರು ಕೇಳಿದ ಮೇಲೆ ಬಟ್ಟಲಿಗೆ ಕೈಚಾಚುವ ಧೈರ್ಯ ಯಾರಿಗೂ ಬಾರದಾದ್ದರಿಂದ ಎಗ್‌ನಾಗ್ ಎಂದೇ ಇಟ್ಟುಕೊಳ್ಳುವುದು ಕ್ಷೇಮ. ಇಂಗ್ಲಿಷಿನಲ್ಲಿಯೂ ಆ ಪದದ ಹುಟ್ಟು ತೀರ್ಮಾನವಾಗಿಲ್ಲ. ನಾರ್ಫಕ್ ಪ್ರಾಂತದಲ್ಲಿ ಹಿಂದೆ ಕಾಯಿಸುತ್ತಿದ್ದ ಒಂದು ಬಗೆಯ ಖಾರವಾದ ಬಿಯರಿಗೆ ‘ನಾಗ್’ ಎಂದು ಹೆಸರು. ಮರದ ಪುಟ್ಟ ಬಟ್ಟಲಿಗೆ ‘ನಾಗಿನ್’ ಎಂದು ಹೆಸರು. ಒಳಗಿನ ದ್ರವದಿಂದ ಹೆಸರು ಬಂದಿತೋ ಹೊರಗಿನ ಪಾತ್ರೆಯಿಂದ ಬಂದಿತೋ ಎಂಬ ವಾದವನ್ನು ನಿಘಂಟುಕಾರರು ಇನ್ನೂ ಮುಗಿಸಿಲ್ಲ.

ಈ ಪಾನೀಯದ ಪೂರ್ವಜ ಮಧ್ಯಯುಗದ ಇಂಗ್ಲೆಂಡಿನ ‘ಪಾಸೆಟ್’. ಬಿಸಿಹಾಲಿಗೆ ದ್ರಾಕ್ಷಾರಸವನ್ನೋ ಬಿಯರನ್ನೋ ಸುರಿದು, ಸಂಬಾರ ಸೇರಿಸಿ ಕುಡಿಯುವ ಪದ್ಧತಿ ಅದು. ಹಾಲು, ಮೊಟ್ಟೆ, ಪರದೇಶದ ಮದ್ಯ ಮೂರೂ ಸೇರಿದ ಬಟ್ಟಲು ಅಲ್ಲಿ ಉಳ್ಳವರ ಮನೆಯ ವೈಭವವಾಗಿತ್ತು. ಅಟ್ಲಾಂಟಿಕ್ ಸಾಗರವನ್ನು ದಾಟಿ ಅಮೆರಿಕದ ವಸಾಹತುಗಳಿಗೆ ಬಂದಾಗ ಅದರ ಜಾತಕ ಬದಲಾಯಿತು. ಅಲ್ಲಿನ ಒಕ್ಕಲಿಗರ ಹಟ್ಟಿಯಲ್ಲಿ ಹಸುವಿತ್ತು, ಹಿತ್ತಲಲ್ಲಿ ಕೋಳಿಯಿತ್ತು. ಕೆರಿಬಿಯನ್ ದ್ವೀಪಗಳಿಂದ ರಮ್ ಅಗ್ಗವಾಗಿ ಬರುತ್ತಿತ್ತು. ಶ್ರೀಮಂತರ ಪಾನೀಯ ಹೀಗೆ ಒಕ್ಕಲಿಗನ ಪಾನೀಯವಾಯಿತು. 1770ರ ದಶಕದ ಹೊತ್ತಿಗೆ ಎಗ್‌ನಾಗ್ ಎಂಬ ಹೆಸರು ಅಮೆರಿಕದಲ್ಲಿ ಬಳಕೆಗೆ ಬಂದಿತ್ತು. ಆ ಅಗ್ಗದ ರಮ್ಮಿನ ಹಿಂದೆ ಕಬ್ಬಿನ ತೋಟಗಳಲ್ಲಿ ದುಡಿದ ಗುಲಾಮರ ಬೆವರಿತ್ತೆಂಬುದನ್ನೂ ಮರೆಯಬಾರದು. ಸಿಹಿಯಾದ ಬಟ್ಟಲುಗಳ ತಳದಲ್ಲಿ ಇಂಥ ಕಹಿ ನಿಂತಿರುವುದು ಚರಿತ್ರೆಯಲ್ಲಿ ಹೊಸದೇನೂ ಅಲ್ಲ.

ಒಕ್ಕಲಿಗನದಾದ ಮಾತ್ರಕ್ಕೆ ಅದು ನಿತ್ಯದ ಪಾನೀಯವಾಗಲಿಲ್ಲ. ಕೋಳಿ ಮೊಟ್ಟೆಯಿಡುವುದು ಹಗಲಿನ ಬೆಳಕಿಗೆ ಅನುಸಾರವಾಗಿ. ಉತ್ತರದ ದೇಶಗಳಲ್ಲಿ ಡಿಸೆಂಬರಿನ ಹಗಲು ಬಹಳ ಚಿಕ್ಕದು. ದೀಪ ಹಾಕಿ ಕೋಳಿ ಸಾಕುವ ಏರ್ಪಾಡು ಬರುವ ಮುಂಚೆ ಆ ತಿಂಗಳಲ್ಲಿ ಮೊಟ್ಟೆ ದುರ್ಲಭವಾಗಿತ್ತು. ಆದ್ದರಿಂದ ಚಳಿಗಾಲದಲ್ಲಿ ಹಲವು ಮೊಟ್ಟೆಗಳನ್ನು ಒಮ್ಮೆಗೇ ಒಡೆದು ಅತಿಥಿಗೆ ಕೊಡುವುದೆಂದರೆ ಮನೆಯ ಗೃಹಿಣಿ ಕೂಡಿಟ್ಟುದನ್ನು ಹಂಚುತ್ತಿದ್ದಳೆಂದೇ ಅರ್ಥ. ಎಗ್‌ನಾಗಿನ ಹಿರಿಮೆಯೆಲ್ಲ ಈ ಒಂದು ಸಂಗತಿಯಲ್ಲಿ ಅಡಗಿದೆಯೆಂದು ನಾವು ಭಾವಿಸುತ್ತೇವೆ. ಇಲ್ಲದ ಕಾಲದಲ್ಲಿ ಇದ್ದುದನ್ನು ಹಂಚಿದ್ದರಿಂದ ಅದು ಹಬ್ಬದ್ದಾಯಿತು.

ಈ ಬಟ್ಟಲಿಗಾಗಿ ಜನ ಎಷ್ಟು ಹಂಬಲಿಸುತ್ತಿದ್ದರೆಂಬುದಕ್ಕೆ ನಗೆಯೂ ವಿಷಾದವೂ ಬೆರೆತ ಒಂದು ಪ್ರಸಂಗವುಂಟು. ವೆಸ್ಟ್ ಪಾಯಿಂಟಿನ ಸೈನಿಕ ವಿದ್ಯಾಲಯದ ಮುಖ್ಯಸ್ಥ ಸಿಲ್ವೇನಸ್ ಥೇಯರ್ ಆವರಣದಲ್ಲಿ ಮದ್ಯವನ್ನು ನಿಷೇಧಿಸಿದ್ದ. ಮದ್ಯವಿಲ್ಲದ ಎಗ್‌ನಾಗ್ ತಮಗೆ ಒಪ್ಪಿಗೆಯಿಲ್ಲವೆಂದು ಕೆಲವು ವಿದ್ಯಾರ್ಥಿಗಳು ಹತ್ತಿರದ ಮದ್ಯದಂಗಡಿಗಳಿಂದ ವಿಸ್ಕಿಯನ್ನು ಗುಟ್ಟಾಗಿ ಒಳಗೆ ತಂದರು. 1826ರ ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಸಂಭ್ರಮವಾಗಿ ಮೊದಲಾದುದು ಬೆಳಗಾಗುವ ಹೊತ್ತಿಗೆ ದೊಂಬಿಯಾಗಿ ಮುಗಿಯಿತು. ಕಿಟಕಿಗಳು ಒಡೆದುವು, ಪಾತ್ರೆಪಡಗಗಳು ಪುಡಿಯಾದುವು. ಅನೇಕರು ಸೈನಿಕ ನ್ಯಾಯಾಲಯದ ಮುಂದೆ ನಿಲ್ಲಬೇಕಾಯಿತು. ಮುಂದೆ 1861ರಲ್ಲಿ ದಕ್ಷಿಣದ ಬಂಡಾಯ ಸಂಸ್ಥಾನಗಳ ಅಧ್ಯಕ್ಷನಾದ ಜೆಫರ್ಸನ್ ಡೇವಿಸ್ ಆಗ ಅಲ್ಲಿಯ ವಿದ್ಯಾರ್ಥಿ. ಆ ರಾತ್ರಿಯ ಗಲಭೆಯಲ್ಲಿ ಅವನೂ ಬಂಧನಕ್ಕೊಳಗಾದವನೇ. ಬಟ್ಟಲು ಹಂಚುವುದಕ್ಕೆ ಹುಟ್ಟಿದುದೆಂಬುದನ್ನು ಮರೆತು ಅಮಲಿಗಾಗಿ ಹಿಡಿದರೆ ಹಬ್ಬ ಉಳಿಯುವುದಿಲ್ಲ ಎಂಬ ಪಾಠವನ್ನು ಇದರಿಂದ ತೆಗೆಯಬಹುದು.

ಈಗ ಅಮೆರಿಕದಲ್ಲಿ ಗುಟ್ಟಾಗಿ ತರುವ ಕಷ್ಟವಿಲ್ಲ. ಚಳಿ ಕಾಲಿಡುವ ಮುನ್ನವೇ ಹಾಲಿನ ಡಬ್ಬಿಗಳ ಪಕ್ಕದಲ್ಲಿ ಮದ್ಯವಿಲ್ಲದ ಎಗ್‌ನಾಗಿನ ಡಬ್ಬಿಗಳು ಸಾಲುಗಟ್ಟಿ ನಿಲ್ಲುತ್ತವೆ. ಆ ಹೆಸರನ್ನು ಕಾಯಲು ಕಾನೂನೂ ಇದೆ. ಎಗ್‌ನಾಗ್ ಎಂದು ಮಾರುವ ಪದಾರ್ಥದಲ್ಲಿ ಹಾಲಿನ ಕೊಬ್ಬು ನೂರಕ್ಕೆ 6ಕ್ಕೆ ಕಡಿಮೆಯಿರಕೂಡದು. ಮೊಟ್ಟೆಯ ಹಳದಿಯ ಘನಾಂಶ ನೂರಕ್ಕೆ 1ಕ್ಕೆ ಕಡಿಮೆಯಿರಕೂಡದು. ಮೊದಲನೆಯದು ನಮ್ಮ ಅಂಗಡಿಗಳ ಪೂರ್ಣ ಕೆನೆಯ ಹಾಲಿಗೆ ಸಮ. ಅದರಲ್ಲಿ ದೂರುವಂಥದೇನೂ ಇಲ್ಲ. ಎರಡನೆಯದನ್ನು ಲೆಕ್ಕಹಾಕಿ ನೋಡಬೇಕು. ಒಂದು ಮೊಟ್ಟೆಯ ಹಳದಿಯಲ್ಲಿ ಸುಮಾರು ಅರ್ಧದಷ್ಟು ನೀರೇ. ಆ ಲೆಕ್ಕದಲ್ಲಿ ಒಂದು ಲೀಟರ್ ಪಾನೀಯಕ್ಕೆ ಒಂದಕ್ಕಿಂತ ತುಸು ಹೆಚ್ಚು ಹಳದಿ ಬಿದ್ದರೆ ಕಾನೂನು ತೃಪ್ತವಾಗುತ್ತದೆ. ಮನೆಯಲ್ಲಿ ಅಷ್ಟೇ ಹಾಲಿಗೆ ನಾಲ್ಕೈದು ಮೊಟ್ಟೆ ಒಡೆಯುವುದು ವಾಡಿಕೆ. ಉಳಿದ ಗಟ್ಟಿತನ ಎಲ್ಲಿಂದ ಬರಬೇಕು? ಕಡಲ ಪಾಚಿಯಿಂದ ತೆಗೆದ ಅಂಟಿನಿಂದ, ಗೋರಿಕಾಯಿಯ ಜಾತಿಯ ಗುವಾರ್ ಬೀಜದ ಅಂಟಿನಿಂದ. ಇವು ವಿಷವಲ್ಲ, ಮೋಸವೂ ಅಲ್ಲ. ಡಬ್ಬಿಯ ಮೇಲೆ ಹೆಸರು ಹಾಕಿಯೇ ಮಾರುತ್ತಾರೆ. ಆದರೆ ಕಾನೂನು ಕಾಯಬಲ್ಲದು ಕನಿಷ್ಠವನ್ನು ಮಾತ್ರ. ಅದಕ್ಕಿಂತ ಮೇಲಿನದನ್ನು ಕಾಯುವುದು ಮನೆಯವರ ಕೆಲಸ.

ಹಾಗಾದರೆ ಒಳ್ಳೆಯದನ್ನು ಕಂಡುಕೊಳ್ಳುವ ಬಗೆ ಯಾವುದು? ಕೊಳ್ಳುವವರು ಡಬ್ಬಿಯ ಚಿತ್ರವನ್ನು ನೋಡದೆ ಅದರ ಬೆನ್ನಿನ ಬರಹವನ್ನು ಓದಬೇಕು. ಹಾಲು, ಕೆನೆ, ಸಕ್ಕರೆ, ಮೊಟ್ಟೆಯ ಹಳದಿ, ಜಾಯಿಕಾಯಿ ಎಂಬಲ್ಲಿಗೆ ಪಟ್ಟಿ ಮುಗಿದರೆ ನಂಬಬಹುದು. ಬಣ್ಣ, ಅಂಟು, ಕೃತಕ ಸುವಾಸನೆಗಳ ಹೆಸರು ಉದ್ದವಾದಷ್ಟೂ ಮೊಟ್ಟೆ ಗಿಡ್ಡವಾಗಿದೆಯೆಂದು ತಿಳಿಯಬೇಕು. ಮನೆಯಲ್ಲಿ ಮಾಡುವುದಾದರೆ ಹಳದಿಯನ್ನು ಸಕ್ಕರೆಯೊಡನೆ ಬಣ್ಣ ತಿಳಿಯಾಗುವವರೆಗೆ ಕಡೆದು, ಬಿಸಿಹಾಲನ್ನು ಎಳೆಯಾಗಿ ಎರೆಯುತ್ತ ಕಲಕಬೇಕು. ಒಮ್ಮೆಗೇ ಸುರಿದರೆ ಮೊಟ್ಟೆ ಹೆಪ್ಪುಗಟ್ಟಿ ಕೆಲಸ ಕೆಡುತ್ತದೆ. ಆಮೇಲೆ ಸಣ್ಣ ಉರಿಯ ಮೇಲಿಟ್ಟು 71 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಅದು ಸೌಟಿನ ಬೆನ್ನಿಗೆ ತೆಳುವಾಗಿ ಅಂಟುವಷ್ಟು ಮಂದವಾಗುತ್ತದೆ; ಹಸಿಮೊಟ್ಟೆಯಲ್ಲಿರಬಹುದಾದ ಸಾಲ್ಮೊನೆಲ್ಲಾ ಎಂಬ ರೋಗಾಣುವಿನ ಭಯವೂ ತೀರುತ್ತದೆ. ಚೆನ್ನಾಗಿ ತಣಿಸಿ, ಕುಡಿಯುವ ಹೊತ್ತಿಗೆ ಜಾಯಿಕಾಯಿಯನ್ನು ತುರಿಯಬೇಕು. ಮೊದಲೇ ಪುಡಿಮಾಡಿಟ್ಟ ಜಾಯಿಕಾಯಿಯಲ್ಲಿ ಪರಿಮಳ ನಿಲ್ಲುವುದಿಲ್ಲ.

ರೋಗಾಣುವಿನ ಮಾತು ಬಂದುದರಿಂದ ಇನ್ನೊಂದು ಸ್ವಾರಸ್ಯವನ್ನು ಹೇಳಬೇಕು. ಸ್ಟ್ರೆಪ್ಟೊಕಾಕಸ್ ರೋಗಾಣುಗಳನ್ನು ವರ್ಗೀಕರಿಸಿ ಕೀರ್ತಿ ಪಡೆದ ವಿಜ್ಞಾನಿ ರೆಬೆಕಾ ಲ್ಯಾನ್ಸ್‌ಫೀಲ್ಡ್ (1895–1981) ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ತಮ್ಮ ಪ್ರಯೋಗಶಾಲೆಯ ಸಹೋದ್ಯೋಗಿಗಳಿಗಾಗಿ ಪ್ರತಿವರ್ಷ ಮದ್ಯ ಬೆರೆಸಿದ ಎಗ್‌ನಾಗನ್ನು ಮಾಡಿ, ವಾರಗಟ್ಟಲೆ ತಣ್ಣಗಿಟ್ಟು, ಹಬ್ಬಕ್ಕೆ ಹಂಚುತ್ತಿದ್ದರು. ಅವರ ಕಾಲಾನಂತರವೂ ಆ ಪ್ರಯೋಗಶಾಲೆಯಲ್ಲಿ ಸಂಪ್ರದಾಯ ಮುಂದುವರಿಯಿತು. ಅಲ್ಲಿಯ ವಿನ್ಸೆಂಟ್ ಫಿಷೆಟಿಯವರು ಬೇಕೆಂದೇ ಸಾಲ್ಮೊನೆಲ್ಲಾವನ್ನು ಬೆರೆಸಿ ಪರೀಕ್ಷಿಸಿದಾಗ ಮೊದಲ ವಾರದ ಕೊನೆಗೆ ರೋಗಾಣು ಇನ್ನೂ ಜೀವಂತವಾಗಿತ್ತು. ಮೂರು ವಾರಗಳಾದ ಮೇಲೆ ಮದ್ಯದ ಪ್ರಭಾವದಿಂದ ನಿರ್ನಾಮವಾಗಿತ್ತು. ಪ್ರಯೋಗಶಾಲೆಯಿಲ್ಲದ ನಾವು ಕಾಯಿಸಿಯೇ ಕುಡಿಯುವುದು ವಿವೇಕ. ಆದರೆ ಜೀವಮಾನವನ್ನೆಲ್ಲ ರೋಗಾಣುಗಳ ನಡುವೆ ಕಳೆದ ಹಿರಿಯ ವಿದುಷಿಯೊಬ್ಬರು ವರ್ಷಕ್ಕೊಮ್ಮೆ ಸೌಟು ಹಿಡಿದು ತಮ್ಮೊಡನೆ ದುಡಿದವರಿಗೆ ಬಡಿಸುತ್ತಿದ್ದರೆಂಬುದು ನಮಗೆ ಆ ಪರೀಕ್ಷೆಯ ಫಲಿತಾಂಶಕ್ಕಿಂತಲೂ ಹಿರಿದಾಗಿ ತೋರುತ್ತದೆ.

ಇಂದು ಅಮೆರಿಕದಲ್ಲಿ ನೆಲೆಸಿದ ಕನ್ನಡ ಮನೆತನಗಳು ಬಹಳ. ಡಿಸೆಂಬರಿನಲ್ಲಿ ಅವರ ಮಕ್ಕಳು ಗೆಳೆಯರ ಮನೆಯಲ್ಲಿ ಈ ಬಟ್ಟಲನ್ನು ಕಂಡು ಬಂದು, ‘ಅಮ್ಮಾ, ನಮ್ಮ ಮನೆಯಲ್ಲೇಕೆ ಇಲ್ಲ?’ ಎಂದು ಕೇಳುವುದು ಸಹಜ. ಮೊಟ್ಟೆ ಮುಟ್ಟದವರಿಗೆ ಬಾದಾಮಿ ಹಾಲಿದೆ. ಅದಕ್ಕೂ ಮೇಲೆ ಜಾಯಿಕಾಯಿ ತುರಿಯಲು ಯಾರ ಅಪ್ಪಣೆಯೂ ಬೇಡ. ದಕ್ಷಿಣ ಕನ್ನಡ, ಉತ್ತರ ಕನ್ನಡಗಳ ಅಡಕೆ ತೋಟಗಳ ನೆರಳಿನಲ್ಲಿ ಬೆಳೆಯುವ ಆ ಕಾಯಿಯ ಪರಿಮಳ ನಮ್ಮ ಶ್ರೀಖಂಡದಲ್ಲಿ, ಹೋಳಿಗೆಯ ಹೂರಣದಲ್ಲಿ ಎಂದಿನಿಂದಲೂ ಇದೆ. ಮೊಟ್ಟೆ ಒಪ್ಪುವವರು ಡಬ್ಬಿ ತರುವ ಬದಲು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಪಾತ್ರೆ ಮಾಡಲಿ. ಮಾಡಿದುದರಲ್ಲಿ ಒಂದು ಲೋಟವನ್ನು ನೆರೆಮನೆಗೆ ಕಳುಹಿಸಲಿ. ಆ ಲೋಟ ಖಾಲಿಯಾಗಿ ಹಿಂದಿರುಗುವ ಸಂಭವ ಕಡಿಮೆ. ಅನ್ಯರ ಹಬ್ಬದ ರುಚಿಯನ್ನು ತಿರಸ್ಕರಿಸುವುದೂ ಕುರುಡಾಗಿ ಅನುಕರಿಸುವುದೂ ಸುಲಭ. ಅದರ ಹಿಂದಿನ ಕೊಡುವ ಗುಣವನ್ನು ಕಲಿಯಲು ಮಾತ್ರ ಸ್ವಲ್ಪ ಶ್ರಮ ಬೇಕು. ಹೊಸ ವರ್ಷ ಬಂದೊಡನೆ ಅಂಗಡಿಯ ಸಾಲಿನಿಂದ ಎಗ್‌ನಾಗ್ ಮಾಯವಾಗುತ್ತದೆ. ಅದಕ್ಕಾಗಿ ಮರುಗಬೇಕಾಗಿಲ್ಲ. ಹನ್ನೊಂದು ತಿಂಗಳು ಕಾಯಿಸುವ ರುಚಿಗೆ ಮಾತ್ರ ಮನೆಯ ಬಾಗಿಲಲ್ಲಿ ಸ್ವಾಗತವಿರುತ್ತದೆ.