ಕೆಲಸ ಕೊಡುವವರು ಏನನ್ನು ಕೇಳಬೇಕು?

ಖಾನಾಪುರದಿಂದ ಬೆಳಗಾವಿಗೆ ಸುಮಾರು 26 ಕಿಲೋಮೀಟರ್. ಉದ್ಯಮಬಾಗದ ಫೌಂಡ್ರಿ ಹಾಗೂ ಯಂತ್ರ ಕಾರ್ಖಾನೆಗಳಿಗೆ, ನಗರದ ಶಾಲೆ, ಆಸ್ಪತ್ರೆ, ಶೋರೂಮುಗಳಿಗೆ ಆ ತಾಲೂಕಿನ ಯುವಕ ಯುವತಿಯರು ಅರ್ಜಿ ಹಿಡಿದು ಬರುತ್ತಾರೆ. ಸಂದರ್ಶನದಲ್ಲಿ ಎದುರಾಗುವ ಪ್ರಶ್ನೆಗಳಾದರೂ ಎಂಥವು? ಮನೆಯಲ್ಲಿ ಯಾವ ಭಾಷೆ, ಯಾವ ಗಲ್ಲಿಯಲ್ಲಿ ವಾಸ, ತಂದೆ ಏನು ಮಾಡುತ್ತಾರೆ, ಮದುವೆ ಯಾವಾಗ? ಲೇತ್ ನಡೆಸುವುದಕ್ಕೂ ಲೆಕ್ಕ ಬರೆಯುವುದಕ್ಕೂ ಇವುಗಳಿಗೂ ಏನು ಸಂಬಂಧ?

ಬೆಳಗಾವಿಯಲ್ಲಿ ಮನೆಮಾತಿನ ಪ್ರಶ್ನೆ ಅಷ್ಟು ಮುಗ್ಧವಲ್ಲ. ಉರ್ದು ಎಂದರೆ ಧರ್ಮ ತಿಳಿಯುತ್ತದೆ. ಮರಾಠಿ ಅಥವಾ ಕನ್ನಡ ಎಂದರೆ ಗಡಿ ವಿವಾದದಲ್ಲಿ ಆತ ಯಾವ ಕಡೆಯವನೆಂಬ ಊಹೆ ಆರಂಭವಾಗುತ್ತದೆ. ಗಿರಾಕಿಗಳೊಂದಿಗೆ ಎರಡೂ ಭಾಷೆಗಳಲ್ಲಿ ವ್ಯವಹರಿಸಬಲ್ಲವರೇ ಬೇಕೆಂದಾದರೆ ಅದನ್ನೇ ಕೇಳಬಹುದಲ್ಲ. ಆ ಪ್ರಶ್ನೆಗೆ ಖಾನಾಪುರದ ಉರ್ದು ಮನೆಯ ಹುಡುಗ ಬಹುಶಃ ಎಲ್ಲರಿಗಿಂತ ಚೆನ್ನಾಗಿ ಉತ್ತರಿಸಿಯಾನು.

ಇಂತಹ ಪ್ರಶ್ನೆಗಳು ಸಣ್ಣ ಊರಿನ ಸಣ್ಣ ಮಾಲೀಕರವು ಮಾತ್ರ ಎಂದು ಭಾವಿಸಬೇಕಾಗಿಲ್ಲ. ಕೊಡಗಿನ ವಿರಾಜಪೇಟೆಯ ಸಿ.ಬಿ. ಮುತ್ತಮ್ಮ 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಪ್ರಥಮ ಮಹಿಳೆ. ವಿದೇಶಾಂಗ ಸೇವೆ ಬೇಡವೆಂದು ಲೋಕಸೇವಾ ಆಯೋಗದ ಅಧ್ಯಕ್ಷರೇ ತಮ್ಮ ಮನವೊಲಿಸಲು ಯತ್ನಿಸಿದರು, ಮೌಖಿಕ ಪರೀಕ್ಷೆಯಲ್ಲಿ ಕನಿಷ್ಠ ಅಂಕ ದೊರೆಯುವಂತೆ ಪ್ರಭಾವ ಬಳಸಿದ್ದನ್ನು ಬಳಿಕ ಅವರೇ ಹೇಳಿದರು ಎಂದು ಮುತ್ತಮ್ಮ ಸುಪ್ರೀಂ ಕೋರ್ಟಿಗೆ ತಿಳಿಸಿದ್ದರು. ವಿವಾಹವಾದರೆ ರಾಜೀನಾಮೆ ಕೊಡುವೆನೆಂಬ ಮುಚ್ಚಳಿಕೆಯನ್ನೂ ಅವರು ಬರೆದುಕೊಡಬೇಕಾಯಿತು. 1979ರ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ನಿಯಮಗಳನ್ನು ಕಟುವಾಗಿ ಟೀಕಿಸಿದರು. 1991ರಲ್ಲಿ ಅದೇ ನ್ಯಾಯಾಲಯವು ಜೀವ ವಿಮಾ ನಿಗಮದ ನೇಮಕಾತಿ ಪತ್ರದಲ್ಲಿದ್ದ ಋತುಸ್ರಾವ ಮತ್ತು ಗರ್ಭಧಾರಣೆಯ ವಿವರ ಕೇಳುವ ಕಾಲಂಗಳನ್ನು ತೆಗೆಯಲು ಸೂಚಿಸಿ, ಕೆಲಸ ಕಳಕೊಂಡ ಮಹಿಳೆಯನ್ನು ಮರಳಿ ಸೇರಿಸಿಕೊಳ್ಳುವಂತೆ ಆದೇಶಿಸಿತು.

ಕೆಲವರಿಗೆ ಸಂದರ್ಶನದ ವರೆಗೆ ತಲಪುವ ಭಾಗ್ಯವೂ ಇಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪತ್ರಿಕಾ ಜಾಹೀರಾತುಗಳಿಗೆ ಸಮಾನ ಅರ್ಹತೆಯ ಅರ್ಜಿಗಳನ್ನು ಹೆಸರು ಮಾತ್ರ ಬದಲಿಸಿ ಖಾಸಗಿ ಕಂಪೆನಿಗಳಿಗೆ ಕಳುಹಿಸಲಾಗಿತ್ತು. ಮೇಲ್ಜಾತಿ ಹಿಂದೂ ಹೆಸರಿಗೆ ಹೋಲಿಸಿದರೆ ಮುಸ್ಲಿಮ್ ಹೆಸರಿಗೆ ಕರೆ ಬರುವ ಸಂಭಾವ್ಯತೆಯ ಅನುಪಾತ 0.33 ಮಾತ್ರ, ದಲಿತ ಹೆಸರಿಗೆ 0.67.

ಸಂವಿಧಾನದ 16ನೇ ವಿಧಿ ಸರಕಾರಿ ಉದ್ಯೋಗದಲ್ಲಿ ಧರ್ಮ, ಜಾತಿ, ಲಿಂಗ, ಜನ್ಮಸ್ಥಳಗಳ ತಾರತಮ್ಯವನ್ನು ನಿಷೇಧಿಸುತ್ತದೆ. ಆದರೆ ಖಾಸಗಿ ಮಾಲೀಕನೊಬ್ಬ ಧರ್ಮದ ಕಾರಣಕ್ಕೆ ಕೆಲಸ ನಿರಾಕರಿಸಿದರೆ ನೇರವಾಗಿ ಪ್ರಶ್ನಿಸಲು ಕೇಂದ್ರದ ಕಾನೂನಿಲ್ಲ. ಸಾಚಾರ್ ಸಮಿತಿ 2006ರಲ್ಲಿ ಶಿಫಾರಸು ಮಾಡಿದ ಸಮಾನ ಅವಕಾಶ ಆಯೋಗ ಇಂದಿಗೂ ಅಸ್ತಿತ್ವಕ್ಕೆ ಬಂದಿಲ್ಲ. ಆದ್ದರಿಂದ ಸದ್ಯಕ್ಕೆ ಎಲ್ಲವೂ ಕುರ್ಚಿಯಲ್ಲಿ ಕುಳಿತವರ ಮನಸ್ಸಾಕ್ಷಿಯ ಮೇಲೆ ನಿಂತಿದೆ.

ಆ ಕುರ್ಚಿಯಲ್ಲಿ ನಾವೂ ಕುಳಿತಿದ್ದೇವೆ ಎಂಬುದನ್ನು ಮರೆಯುವಂತಿಲ್ಲ. ಸಮುದಾಯದ ಶಾಲೆಗಳಿವೆ, ಅಂಗಡಿಗಳಿವೆ, ನರ್ಸಿಂಗ್ ಹೋಮ್‌ಗಳಿವೆ. ಅಲ್ಲಿ ಶಿಕ್ಷಕಿಯ ಕೆಲಸ ಕೇಳಿ ಬಂದವಳೊಡನೆ ಮೊದಲು ವಿಚಾರಿಸುವುದು ಆಕೆಯ ಗಣಿತವನ್ನೋ ನಿಶ್ಚಿತಾರ್ಥವನ್ನೋ? ಯಾವ ಪಂಗಡದವರು, ಯಾವ ಮಸೀದಿಗೆ ಹೋಗುತ್ತೀರಿ, ಪಿಂಜಾರರೋ ಕಸಾಯಿಗಳೋ ಎಂಬ ವಿಚಾರಣೆ ನಮ್ಮಲ್ಲಿ ನಡೆಯುವುದಿಲ್ಲ ಎಂದು ಧೈರ್ಯದಿಂದ ಹೇಳಬಲ್ಲೆವೇ? ಹಿಂದೂ ಅಭ್ಯರ್ಥಿಯೊಬ್ಬ ಬಂದರೆ ಆತನಿಗೆ ಕೇಳುವ ಪ್ರಶ್ನೆಗಳೂ ಬೇರೆಯೇ ಏನು? ಹೆಸರು ನೋಡಿ ಅರ್ಜಿ ಬದಿಗಿಟ್ಟವರನ್ನು ದೂರುವ ನಮಗೆ ಈ ವಿಷಯದಲ್ಲಿ ವಿನಾಯಿತಿ ಕೇಳುವ ಹಕ್ಕಿಲ್ಲ. ಧಾರ್ಮಿಕ ಶಿಕ್ಷಣ ನೀಡುವ ಹುದ್ದೆಯ ಮಾತು ಬೇರೆ, ಅಲ್ಲಿ ವಿಶ್ವಾಸವೂ ಅರ್ಹತೆಯ ಭಾಗ. ಆದರೆ ಕಂಪ್ಯೂಟರ್ ಶಿಕ್ಷಕನಿಗೆ ಅದೇಕೆ?

"ಮದುವೆಯಾದರೆ ವರ್ಷದ ಮಧ್ಯೆ ಬಿಟ್ಟುಹೋಗುತ್ತಾಳೆ" ಎಂಬುದು ಆಡಳಿತ ಮಂಡಳಿಗಳ ಸಾಮಾನ್ಯ ಆಕ್ಷೇಪ. ಚಿಂತೆ ಸುಳ್ಳಲ್ಲ. ಆದರೆ ಉತ್ತಮ ವೇತನಕ್ಕಾಗಿ ವರ್ಷದ ಮಧ್ಯೆ ಬಿಟ್ಟುಹೋಗುವ ಪುರುಷನಿಗೆ ಈ ಪ್ರಶ್ನೆ ಇರುವುದಿಲ್ಲ. ಮಾರ್ಚ್ ಅಂತ್ಯದ ವರೆಗೆ ಪಾಠ ಪೂರ್ತಿಗೊಳಿಸಲು ಸಾಧ್ಯವೇ ಎಂದು ಇಬ್ಬರಲ್ಲೂ ಕೇಳಲಿ.

ಮುಂದಿನ ಶೈಕ್ಷಣಿಕ ವರ್ಷಕ್ಕೆ ನೇಮಕಾತಿ ನಡೆಸುವ ಮುನ್ನ ನಮ್ಮ ಸಂಸ್ಥೆಗಳು ಹತ್ತು ಪ್ರಶ್ನೆಗಳನ್ನು ಕಾಗದದಲ್ಲಿ ಬರೆದಿಡಲಿ. ಬಂದ ಪ್ರತಿಯೊಬ್ಬರಿಗೂ ಅವೇ ಪ್ರಶ್ನೆ, ಉತ್ತರಕ್ಕೆ ಅಲ್ಲೇ ಅಂಕ. ಹನ್ನೊಂದನೆಯ ಪ್ರಶ್ನೆ ಕೇಳಬಯಸುವ ಸದಸ್ಯರು ಅದು ಕೆಲಸಕ್ಕೆ ಏಕೆ ಬೇಕೆಂದು ಮೊದಲು ಮಂಡಳಿಗೆ ತಿಳಿಸಲಿ.